ಸುಮ್‌ಹುರಮಿನ ಗೋಡೆ ಹತ್ತಿದವನು

ಫಿಲ್ಮಿನವರು ಹುಡುಕಿಕೊಂಡು ಬಂದದ್ದು ನನ್ನನ್ನಲ್ಲ, ನನ್ನ ಗಂಡನನ್ನು. ಬೈಬಲಿಗೆ ಸಂಬಂಧಿಸಿದ ಹಳೆಯ ಜಾಗಗಳ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದ ತಂಡ. ಒಮಾನಿನ ಸಲಾಲಾದಿಂದ ಆಚೆ, ಹಿನ್ನೀರಿನ ಪಕ್ಕದ ದಿಬ್ಬದ ಮೇಲೆ ಸುಮ್‌ಹುರಮ್ ಎಂಬ ಹಾಳುಪಟ್ಟಣ ಇದೆ. ಒಂದು ಕಾಲದಲ್ಲಿ ಧೂಪ ತುಂಬಿದ ಹಡಗುಗಳು ಅಲ್ಲಿಂದ ಹೊರಡುತ್ತಿದ್ದವಂತೆ. ಅಲ್ಲಿ ಉತ್ಖನನ ನಡೆಯುವಾಗ ನಮ್ಮವರು ಡ್ರಾಫ್ಟ್ಸ್‌ಮನ್. ಒಂದೊಂದು ಕಲ್ಲನ್ನೂ ಅಳೆದು ಪೆನ್ಸಿಲಿನಲ್ಲಿ ಬಿಡಿಸಿದವರು. ನಾನು ಮಸ್ಕತ್ತಿನಲ್ಲಿ ಇಂಗ್ಲಿಷ್ ಟೀಚರ್. ವರ್ಷಕ್ಕೆ ನಾಲ್ಕು ತಿಂಗಳು ಅವರು ಅಲ್ಲಿ, ನಾನು ಇಲ್ಲಿ. ಅವರ ಪತ್ರಗಳಲ್ಲಿ ನನ್ನ ಆರೋಗ್ಯದ ವಿಚಾರಣೆಗಿಂತ ಆ ಗೋಡೆಗಳ ಆರೋಗ್ಯದ ಸಮಾಚಾರವೇ ಹೆಚ್ಚು.

ಫಿಲ್ಮಿನವರು ಬರುವ ಹೊತ್ತಿಗೆ ಅವರಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳು. ಬಲಗೈ ಹೋಗಿತ್ತು, ಮಾತೂ ಹೋಗಿತ್ತು. ‘ಹ್ಞಾಂ’ ಒಂದು, ನನ್ನ ಹೆಸರಿನ ಅರ್ಧ ಒಂದು, ಅಷ್ಟೇ ಉಳಿದದ್ದು.

ಮಸ್ಕತ್ತಿನ ವಾದಿ ಕಬೀರಿನ ನಮ್ಮ ಫ್ಲ್ಯಾಟಿನಲ್ಲಿ ಮಗಳು ಸಿಟ್ಟಾದಳು. “ಮಮ್ಮಿ, ದೇ ವಿಲ್ ಮೇಕ್ ಡ್ಯಾಡಿ ಎ ಪೂರ್ ಥಿಂಗ್. ಹಿಂದಿನಿಂದ ಒಂದು ಅಳುವ ಪಿಯಾನೋ ಬಾರಿಸ್ತಾರೆ, ನೋಡು ಬೇಕಾದ್ರೆ.”

“ಅವರನ್ನೇ ಕೇಳುವ,” ಎಂದೆ. ಕೇಳಿದಾಗ ನಮ್ಮವರು ಚಪ್ಪಲಿ ಸ್ಟ್ಯಾಂಡಿನ ಕಡೆಗೆ ನೋಡಿದರು. ಹಳೆಯ ಸೈಟ್ ಶೂ ಇನ್ನೂ ಅಲ್ಲೇ ಇತ್ತು. ಇನ್ನೇನು ಕೇಳುವುದು? ಆದರೆ ಡ್ಯಾಡಿಯನ್ನು ಅಯ್ಯೋ ಪಾಪ ಮಾಡಲು ಬಿಡುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟೇ ಹೊರಟೆ.

ಮೊದಲ ದಿನ ಸಲಾಲಾದ ಬೆಟ್ಟದ ಮೇಲೆ, ಬೈಬಲಿನ ಯೋಬನ ಸಮಾಧಿ. ಚರ್ಚಿಗೆ ಹಾಕುವ ವೇಲನ್ನೇ ತಲೆಗೆ ಹೊದ್ದು ಒಳಗೆ ಹೋದೆ. ಉದ್ದದ ಗೋರಿ, ಮೇಲೆ ಹಸಿರು ಬಟ್ಟೆ. ದೊಡ್ಡ ಹ್ಯಾಟಿನ ಪ್ರೆಸೆಂಟರ್ ಹೊರಗೆ ನಿಂತು ಯೋಬನ ತಾಳ್ಮೆಯ ಬಗ್ಗೆ ಆರು ಸಲ ಹೇಳಿದ. ಆರನೆಯ ಸಲಕ್ಕೆ ನಮ್ಮೆಲ್ಲರ ತಾಳ್ಮೆ ಮುಗಿದಿತ್ತು.

ಮರುದಿನ ಸುಮ್‌ಹುರಮ್. ಬೈಬಲಿನಲ್ಲಿ ಬರುವ ಶೆಬದ ರಾಣಿಯ ಅರಮನೆ ಎಂದು ಟೂರಿಸ್ಟರಿಗೆ ಹೇಳುವ ಜಾಗ. ಅದಕ್ಕೆ ಪುರಾವೆ ಇಲ್ಲ ಎಂದು ನಮ್ಮವರು ಮೊದಲೆಲ್ಲ ಊಟದ ಮೇಜಿನಲ್ಲಿ ಅತಿಥಿಗಳೊಡನೆ ಜಗಳವಾಡುತ್ತಿದ್ದರು. ಈಗ ವೀಲ್‌ಚೇರಿನಲ್ಲಿ ಕೂತು ಗೋಡೆಗಳನ್ನು ಸುಮ್ಮನೆ ನೋಡುತ್ತಿದ್ದರು. ಕೆಳಗೆ ಹಿನ್ನೀರಿನಲ್ಲಿ ಒಂಟೆಗಳು.

ಡೈರೆಕ್ಟರ್ ಚಿಕ್ಕ ಪ್ರಾಯದ ಇಂಗ್ಲಿಷ್ ಹುಡುಗಿ. “ಪ್ರೆಸೆಂಟರ್ ಪ್ರಶ್ನೆ ಕೇಳುತ್ತಾನೆ ಮ್ಯಾಮ್. ಉತ್ತರ ಬಾರದಿದ್ದರೂ ಪರವಾಗಿಲ್ಲ, ಮೌನವೇ ಮಾತಾಡುತ್ತದೆ,” ಎಂದಳು. ನನಗೆ ಮಗಳ ಪಿಯಾನೋ ನೆನಪಾಯಿತು.

ಪ್ರೆಸೆಂಟರ್ ಪ್ರಶ್ನೆ ಕೇಳುವ ಮೊದಲು ಚೆಂದದ ಪೋಸ್ ಬೇಕೆಂದು ಬೂಟುಗಾಲಿನಲ್ಲೇ ಹಳೆಯ ಗೋಡೆ ಹತ್ತಿ ನಿಂತ. ಕ್ಯಾಮೆರಾ ಓಡುತ್ತಿತ್ತು.

“ಇಳಿಯಾ ಮಾರಾಯಾ ಕೆಳಗೆ! ನಿನ್ನ ಅಜ್ಜ ಕಟ್ಟಿದ್ದಾ ಗೋಡೆ?”

ಯಾರು ಎಂದು ನಾನೇ ಹಿಂದೆ ತಿರುಗಿ ನೋಡಿದೆ. ನಮ್ಮವರು! ಮನೆಯಲ್ಲಿ ನಮ್ಮದು ಕೊಂಕಣಿ. ಆದರೆ ಸೈಟಿನಲ್ಲಿ ಅವರಿಗೆ ಅಳತೆ ಟೇಪ್ ಹಿಡಿಯುತ್ತಿದ್ದವನು ಕುಂದಾಪುರದವನು, ಹಾಗಾಗಿ ಅಲ್ಲಿನ ಬೈಗುಳವೆಲ್ಲ ಕನ್ನಡ. ಎಂಟು ತಿಂಗಳಲ್ಲಿ ಮೊದಲ ಪೂರ್ತಿ ವಾಕ್ಯ. ಪ್ರಾರ್ಥನೆಯಲ್ಲ, ನನ್ನ ಹೆಸರಲ್ಲ, ಬೈಗುಳ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

“ಏನೆಂದರು?” ಎಂದ ಪ್ರೆಸೆಂಟರ್, ಅವಸರದಲ್ಲಿ ಇಳಿಯುತ್ತ.

“ಪ್ಲೀಸ್ ಗೆಟ್ ಡೌನ್, ಸರ್, ಅಂದರು.”

“ಅಷ್ಟು ಉದ್ದಕ್ಕೆ ಇಷ್ಟೇನಾ?”

“ಕನ್ನಡ ಈಸ್ ಎ ವೆರಿ ಪೊಲೈಟ್ ಲ್ಯಾಂಗ್ವೇಜ್,” ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸಿನಿಮಾದವರಿಗೆ ಎಲ್ಲವೂ ಎರಡು ಸಲ ಬೇಕು. ಇನ್ನೊಮ್ಮೆ, ಈ ಸಲ ಮುಖದ ಹತ್ತಿರದಿಂದ, ಎಂದಳು ಡೈರೆಕ್ಟರ್. ನಾನು ಬೇಡ ಎನ್ನುವುದರೊಳಗೆ ಪ್ರೆಸೆಂಟರ್ ಮತ್ತೆ ಗೋಡೆ ಹತ್ತಿದ. ನಮ್ಮವರು ಬಾಯಿ ತೆರೆದರು. ಮಾತು ಬರಲಿಲ್ಲ. ದವಡೆ ನಡುಗಿತು, ಬಾಯಿಯ ಅಂಚಿನಿಂದ ಜೊಲ್ಲು ಇಳಿಯಿತು, ಕಣ್ಣು ತುಂಬಿತು. ಕ್ಯಾಮೆರಾ ಇನ್ನಷ್ಟು ಹತ್ತಿರ ಬಂತು.

“ಇನಫ್!” ಎಂದೆ. ಮೂವತ್ತು ವರ್ಷ ಕ್ಲಾಸಿನಲ್ಲಿ ಪಳಗಿದ ಗಂಟಲು. ಎಲ್ಲರೂ ನಿಂತಲ್ಲೇ ನಿಂತರು. ಕರ್ಚೀಫಿನಿಂದ ಅವರ ಬಾಯಿ ಒರೆಸಿದೆ.

ಆಮೇಲೆ ವ್ಯಾನಿನ ನೆರಳಿನಲ್ಲಿ ಡೈರೆಕ್ಟರ್ ನನ್ನ ಪಕ್ಕ ಬಂದು ಕೂತಳು. “ಎರಡನೆಯದು ಬಹಳ ಪವರ್‌ಫುಲ್ ಆಗಿ ಬಂದಿದೆ, ಮ್ಯಾಮ್,” ಎಂದವಳ ಕಣ್ಣೂ ಕೆಂಪಾಗಿತ್ತು. ಅವಳ ತಂದೆಯೂ ಮಾತು ಕಳೆದುಕೊಂಡು ವೃದ್ಧಾಶ್ರಮದಲ್ಲಿದ್ದಾರಂತೆ. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಅಳು ಎಲ್ಲಿದೆ ಎಂದು ಹುಡುಕುವುದನ್ನು ಅವಳಿಗೆ ಕಲಿಸಿದ್ದಾರೆ, ಹುಡುಕಿದ್ದಾಳೆ ಪಾಪ.

“ನನ್ನನ್ನು ಕೇಳಬೇಡ. ಅವರಿಗೆ ತೋರಿಸು,” ಎಂದೆ.

ಚಿಕ್ಕ ಸ್ಕ್ರೀನಿನಲ್ಲಿ ಮೊದಲಿನದನ್ನು ನೋಡಿ ನಮ್ಮವರ ಭುಜ ಕುಲುಕಿತು. ನಗು. ಎರಡನೆಯದು ಶುರುವಾದಾಗ ಹಿನ್ನೀರಿನ ಕಡೆಗೆ ಮುಖ ತಿರುಗಿಸಿದರು. ಅವಳಿಗೆ ಅರ್ಥವಾಯಿತು. ಒಪ್ಪಿಗೆಯ ಫಾರ್ಮಿನಲ್ಲಿ ಬೈದದ್ದನ್ನು ಹಾಕಬಹುದು, ಇನ್ನೊಂದನ್ನು ಎಲ್ಲೂ ಹಾಕಬಾರದು ಎಂದು ನಾನು ಇಂಗ್ಲಿಷಿನಲ್ಲಿ ಬರೆದೆ. ಕೆಳಗೆ ಅವಳು ಸೈನ್ ಮಾಡಿದಳು.

ಅವರ ಪರವಾಗಿ ನಾನು ಸೈನ್ ಮಾಡಲು ಹೋದರೆ ನಮ್ಮವರು ಪೆನ್ನು ಕಿತ್ತುಕೊಂಡರು, ಎಡಗೈಯಲ್ಲಿ. ಅವಳು ಕಣ್ಣಿನಲ್ಲೇ ಹೇಳಿದಳೋ ಏನೋ, ಕ್ಯಾಮೆರಾದ ಹುಡುಗ ಲೆನ್ಸಿಗೆ ಕ್ಯಾಪ್ ಹಾಕಿದ. ಎರಡು ಅಕ್ಷರಕ್ಕೆ ಐದು ನಿಮಿಷ ಹಿಡಿಯಿತು. ಸೈನಿಗೆಂದು ಹಾಕಿದ್ದ ಚುಕ್ಕೆ ಗೆರೆ ಬಿಟ್ಟು ಹಾಳೆಯ ಕೆಳಗೆ ಬಲಮೂಲೆಯಲ್ಲಿ ಇನಿಷಿಯಲ್ ಹಾಕಿದ್ದರು.

“ಮ್ಯಾಮ್, ಸೈನ್ ಮಾಡಬೇಕಾದ್ದು ಇಲ್ಲಿ,” ಎಂದು ಡೈರೆಕ್ಟರ್ ಮೆಲ್ಲನೆ ಗೆರೆ ತೋರಿಸಿದಳು.

“ಅಲ್ಲ ಮಗಾ,” ಎಂದೆ. “ಡ್ರಾಯಿಂಗ್ ಬಿಡಿಸಿದವರು ಸೈನ್ ಮಾಡುವುದು ಆ ಮೂಲೆಯಲ್ಲೇ.”