ಕದದಾಚೆಯ ಜಗಲಿ

ಕಡೂರಿನಲ್ಲಿ ನಮ್ಮ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿಯನ್ನು ನಾನು ಮಾವ ಎಂದೇ ಕರೆಯುತ್ತಿದ್ದೆ. ಏನು ಕೇಳಿದರೂ ಮೀಸೆ ತಿರುವುತ್ತಾ, "ತಡಿಯಪ್ಪ, ಯೋಚ್ನೆ ಮಾಡಾಣ" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲೊಮ್ಮೆ ಅವರ ಮನೆಗೆ ನುಗ್ಗಿದ ಕಳ್ಳರು ಅತ್ತೆಯ ಕೈ ಮುರಿದರು. ಮಾವ ಲೈಸೆನ್ಸ್ ಮಾಡಿಸಿ, ನನ್ನನ್ನೂ ಕರೆದುಕೊಂಡು ಶಿವಮೊಗ್ಗದ ಕೋವಿ ಅಂಗಡಿಗೆ ಹೋದರು.

ಅಂಗಡಿಯವನು ಬೇರೆ ಬೇರೆ ಅಳತೆಯ ಗುಂಡಿನ ಎರಡು ರಿವಾಲ್ವರ್ ತೋರಿಸಿದ. "ಟ್ವೆಂಟಿಟೂ ಗುಂಡು ಸಣ್ಣದು. ತರ್ಟಿಟೂ ತಗೊಳ್ಳಿ ಯಜಮಾನ್ರೇ, ಕದಾನೇ ತೂರ್ಕಂಡು ಹೋಗುತ್ತೆ."

ಮೀಸೆಯ ಮೇಲಿದ್ದ ಕೈ ನಿಂತಿತು. "ಕದದಾಚೆ ಜಗಲಿ ಮೇಲೆ ಬಸ್ಸು ತಪ್ಪಿದೋರು ಮಲಗಿರ್ತಾರೆ ಕಣ್ರೀ. ಸಣ್ಣದೂ ತೂರುತ್ತಾ?"

"ತೂರಿದ್ರೂ ತೂರಬೋದು."

ಬರಿಗೈಲಿ ಹಿಂದಿರುಗಿದೆವು. ಮಾವ ಕದಕ್ಕೆ ಕಬ್ಬಿಣದ ಅಗುಳಿ ಹಾಕಿಸಿದರು. ಆ ಚಳಿಗಾಲಕ್ಕೆ ಅತ್ತೆ, ಕೈಯ ಕಟ್ಟು ಬಿಚ್ಚುವ ಮೊದಲೇ, ಜಗಲಿಯಲ್ಲಿ ಮಲಗುವವರಿಗೆಂದು ಎರಡು ಕಂಬಳಿ ತರಿಸಿದರು.