ಶಹಾಬಾದಿನ ಬಿಸಿಲಿಗೆ ಬಂದ ಜಪಾನಿ ಮೇಪಲ್

ಬೆಳಿಗ್ಗೆ ಹಾರೆಯ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಅಪ್ಪ ಅಂಗಳಕ್ಕೆ ಹಾಸಿದ ಪರ್ಸಿ ಕಲ್ಲು ಕೀಳುತ್ತಿದ್ದ.

ನನಗೆ ಗಾಬರಿಯಾಯಿತು. ಶಹಾಬಾದಿನ ಕಲ್ಲಿನ ಖಣಿಯಲ್ಲೇ ಆಯುಷ್ಯ ಸವೆಸಿದವನು ಅವನು. ಆ ಅಂಗಳದ ಒಂದೊಂದು ಕಲ್ಲನ್ನೂ ತಾನೇ ಆರಿಸಿ ತಂದು, ತಾನೇ ಕೂತು ಹಾಸಿದ್ದ. ಕೆಸರು ಚಪ್ಪಲಿಯಲ್ಲಿ ಯಾರಾದರೂ ಕಾಲಿಟ್ಟರೆ ಸಿಟ್ಟಾಗುತ್ತಿದ್ದ.

ಈಗ ಕೀಳುತ್ತಿದ್ದದ್ದು ನನ್ನ ಮೊಣಕಾಲುದ್ದದ ಒಂದು ಗಿಡಕ್ಕಾಗಿ...

ಆ ಫೆಬ್ರವರಿಯಲ್ಲಿ ನಮ್ಮ ಶಾಲೆಯ ಟೀಚರ್‌ಗಳೆಲ್ಲ ಊಟಿಗೆ ಹೋಗಿದ್ದೆವು. ಅಲ್ಲಿನ ನರ್ಸರಿಯಲ್ಲಿ ಕೂಸಿನ ಅಂಗೈಯಂಥ ಕೆಂಪು ಎಲೆಗಳ ಪುಟ್ಟ ಗಿಡ. ಜಪಾನಿ ಮೇಪಲ್ ಅಂದರು. ಕೊಂಡೆ. ರೈಲಿನಲ್ಲಿ ವಾಡಿ ಸ್ಟೇಷನ್ ಬರುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಅಂಗಳದ ಮೂಲೆಯಲ್ಲಿ ನೆಟ್ಟೆ. ಏಪ್ರಿಲ್‌ಗೆ ಎಲೆಗಳ ಅಂಚೆಲ್ಲ ಬೀಡಿಯಿಂದ ಸುಟ್ಟಂತೆ ಕಂದಿದವು.

ಕಲ್ಲು ಕೀಳಬೇಡ ಅಂದೆ. ಅಪ್ಪ ತಲೆ ಎತ್ತಲಿಲ್ಲ.

"ಕಲ್ಲು ನಾಳಿ ಮತ್ತ ಹಾಕ್ಲಿಕ್ಕಿ ಬರ್ತದ. ಇವು ಕಾಯ್ದು ಗಿಡ ಸುಡ್ಲಿಕತ್ತಾವ, ಕಾಣ್ಸಲ್ಲೇನು ನಿನಗ?"

ಕಲ್ಲು ತೆಗೆದ ಜಾಗಕ್ಕೆ ತೊಗರಿ ಹೊಟ್ಟು ಹರವಿದ. ಪಶ್ಚಿಮದ ಕಡೆ ಗೋಣಿತಟ್ಟು ಕಟ್ಟಿದ. ಬೋರ್‌ವೆಲ್ ನೀರಿನ ಸುಣ್ಣ ಈ ಗಿಡಕ್ಕೆ ಆಗುವುದಿಲ್ಲ ಅಂತ ಎಲ್ಲೋ ಓದಿ ಹೇಳಿದ್ದೆ. ಪಕ್ಕದ ಮನೆಯ ಶಮೀಮ್ ಆಪಾ ಅವರ ಎಸಿಯಿಂದ ಸುಣ್ಣವಿಲ್ಲದ ನೀರು ತೊಟ್ಟಿಕ್ಕುವ ಪೈಪಿನ ಕೆಳಗೆ ಅಂದೇ ನಮ್ಮ ಬಕೆಟ್ ಹೋಗಿ ಕೂತಿತು!

ಗಿಡ ಬದುಕಿತು.

ಆದರೆ ಚಳಿಗಾಲದಲ್ಲಿ ಎಲೆಗಳೆಲ್ಲ ಉದುರಿ ಬರೀ ಕಡ್ಡಿ. ಸತ್ತಿತು ಅಂತ ನಾನು ಆ ಕಡೆ ನೋಡುವುದನ್ನೇ ಬಿಟ್ಟೆ. ಅಪ್ಪ ಮಾತ್ರ ದಿನಾ ಹೋಗಿ, ಉಗುರಿನಿಂದ ತೊಗಟೆ ಒಂಚೂರು ಕೆರೆದು, ಒಳಗೆ ಹಸಿರಿದೆಯಾ ನೋಡಿ ಬರುತ್ತಿದ್ದ.

ಒಂದು ಬೆಳಿಗ್ಗೆ ಒಳಗೆ ಬಂದವನು, "ಯವ್ವಾ, ಚಹಾ ಇರ್ಲಿ, ಮೊದಲ ಇಲ್ಲಿ ಬಾ" ಅಂದ.

ಕಡ್ಡಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು. ಅಪ್ಪ ಅದನ್ನು ಮುಟ್ಟಲಿಲ್ಲ. ಕಲ್ಲು ಒಡೆದು ದಪ್ಪಗಾದ ಬೆರಳುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದ. ಅವನ ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ.

ಹಾಗೆ ಮೂರು ಬೇಸಿಗೆ ದಾಟಿಸಿದೆವು. ನಾಲ್ಕನೆಯದು ದಾಟಲಿಲ್ಲ. ಆ ಸಲ ಜೂನ್ ಮುಗಿದರೂ ಮಳೆ ಬರಲಿಲ್ಲ. ಗಿಡ ಬುಡದವರೆಗೂ ಒಣಗಿತು.

ಒಣಗಿದ ಗಿಡವನ್ನು ಅಪ್ಪನೇ ಕಿತ್ತ. ಸಂಜೆ ಊಟಕ್ಕೆ ಕೂತಾಗ ಕೇಳಿದ, "ಇನ್ನೊಂದು ತರ್ಸಲಿಕ್ಕಿ ಆಗ್ತದೇನವ್ವ?"

ಶಾಲೆಯ ಕೆಲಸದಲ್ಲಿ ಸುಸ್ತಾಗಿದ್ದೆ. "ನಮ್ಮ ಬಿಸಲಿಗಿ ಅದು ಬಾಳಂಗಿಲ್ಲಪ್ಪ, ಸಾಕ್ ಬಿಡು" ಅಂದುಬಿಟ್ಟೆ.

"ಆತು" ಅಂದ. ಮತ್ತೆ ಯಾವತ್ತೂ ಕೇಳಲಿಲ್ಲ.

ಅಪ್ಪ ಹೋಗಿ ಎರಡು ವರ್ಷ ಆಯಿತು. ಅವನಿಗೆ ಬೇಕಿದ್ದದ್ದು ಬರೀ ಗಿಡ ಆಗಿರಲಿಲ್ಲವೇನೋ... ದಿನಾ ಬೆಳಿಗ್ಗೆ ಎದ್ದು ನೋಡಲಿಕ್ಕೆ ಏನಾದರೂ ಒಂದು ಇರಲಿ ಅಂತಲೋ ಏನೋ.

ನಿನ್ನೆ ಕೊರಿಯರ್‌ನಲ್ಲಿ ಹೊಸ ಸಸಿ ಬಂದಿದೆ. ನಾಲ್ಕೇ ಎಲೆ. ಸದ್ಯ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ.

ನಮ್ಮ ಕಡೆಯ ಬಿಸಿಲಿನಲ್ಲಿ ಇದನ್ನು ನಾಲ್ಕನೆಯ ಬೇಸಿಗೆ ದಾಟಿಸಿದವರು ಯಾರಾದರೂ ಇದ್ದೀರಾ?