ನಿದ್ದೆ ಬಾರದ ರಾಜಕುಮಾರಿ

ನಾವು ಮಲಗಿದಾಗಲೂ ಎಚ್ಚರವಾಗಿದ್ದು ಕಾಯುವ ತಾಯಿ ಕಾಳಮ್ಮನಿಗೆ ಶರಣು ಮಾಡಿ ಇದನ್ನು ಹೇಳುತ್ತೇನೆ.

ಸಿರಸಂಗಿಯಲ್ಲಿ ಅವಳಿಗೆ ಕಾಯಿ ಒಡೆಸಲೆಂದು ಸವದತ್ತಿಯಿಂದ ರಾಮದುರ್ಗದ ಬಸ್ಸು ಹತ್ತಿದ್ದೆ. ತಂಗಿಯ ಮಗಳಿಗೆಂದು ಕೊಂಡ ಚಿತ್ರಕಾದಂಬರಿ ಕೈಯಲ್ಲಿತ್ತು. ನೂರು ವರ್ಷ ಮಲಗಿದ ರಾಜಕುಮಾರಿಯ ಹಳೆಯ ಕಥೆಗೆ ಯಾರೋ ಹೊಸದಾಗಿ ಬರೆದ ಎರಡನೇ ಭಾಗ ಅದು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಇಣುಕಿ ನೋಡಿದರು.

“ತಮ್ಮಾ, ಈಕಿ ಯಾಕ ಹಿಂಗ ಕಣ್ ಬಿಟ್ಕೊಂಡು ಕುಂತಾಳ?”

“ನೂರ ವರ್ಷ ಮಲಗಿ ಎದ್ದಾಳ ಯವ್ವಾ. ಈಗ ನಿದ್ದಿನ ಬರವಲ್ದು.”

“ಅಯ್ಯ, ನನ್ನಂಗ! ಎಷ್ಟ ದಿನಾ ಆತೋ, ಕಣ್ಣಿಗೆ ಕಣ್ಣ ಹತ್ತಿಲ್ಲ. ಓದು ಮುಂದ, ಈಕಿಗೆ ಏನ್ ಔಷಧ ಕೊಡ್ತಾರ ನೋಡೂಣು.”

ಓದಿದೆ. ವೈದ್ಯರು ಬಂದರು, ಹಾಡುವವರು ಬಂದರು, ರಾಜಕುಮಾರಿ ಮಲಗಲಿಲ್ಲ. ಅಜ್ಜಿ ಮಾತ್ರ ನನ್ನ ಹೆಗಲಿಗೆ ಒರಗಿ ಗೊರಕೆ ಹೊಡೆಯತೊಡಗಿದರು.

“ಸಿರಸಂಗಿ ಯಾರ್ರೀ?” ಕಂಡಕ್ಟರ್ ಕೂಗಿದ.

ಎದ್ದರೆ ಅಜ್ಜಿಗೆ ಎಚ್ಚರವಾಗುತ್ತದೆ, ಕೂತರೆ ದರ್ಶನ ತಪ್ಪುತ್ತದೆ. ‘ತಾಯೀ, ನೀನೇ ಹೇಳು’ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಜ್ಜಿಯ ಗೊರಕೆ ಇನ್ನೂ ಜೋರಾಯಿತು. ಅಪ್ಪಣೆಯಾಯಿತೆಂದು ತಿಳಿದು, ಪಿಸುದನಿಯಲ್ಲಿ ರಾಮದುರ್ಗಕ್ಕೆ ಟಿಕೆಟ್ ತೆಗೆಸಿದೆ.

ರಾಮದುರ್ಗದಲ್ಲಿ ಅಜ್ಜಿ ಕಣ್ಣುಜ್ಜಿಕೊಂಡು ಎದ್ದರು. “ನೀ ಎಲ್ಲಿ ಇಳಿಯಾಂವ ಇದ್ದಿ?”

“ಸಿರಸಂಗ್ಯಾಗ, ಯವ್ವಾ.”

“ಅದು ದಾಟಿ ಎಷ್ಟೊತ್ತಾತು! ಬಸ್ಸಿನ್ಯಾಗ ಹಂಗ ಮೈಮರತು ಮಲಗ್ತಾರೇನೋ, ಹುಚ್ಚಪ್ಪಾ!”

ಚೀಲದಲ್ಲಿದ್ದ ಕಾಯಿಯನ್ನು ಅವರ ಕೈಗೇ ಇಟ್ಟು ಬಂದೆ. ಇದನ್ನು ಕೇಳಿದ ನಿಮಗೆಲ್ಲ ತಾಯಿ ಕಣ್ತುಂಬ ನಿದ್ದೆ ಕೊಡಲಿ, ಇಳಿಯುವ ಊರು ಬಂದಾಗ ಎಚ್ಚರವನ್ನೂ ಕೊಡಲಿ.